ಬದರಿ ಮಾಸ್ಟರ್ ಬರೆದ ಛತ್ರ

ಜಯಲಕ್ಷ್ಮಮ್ಮ ಸ್ಟೂಲು ಹತ್ತಿದ್ದನ್ನು ಯಾರೂ ನೋಡಿರಲಿಲ್ಲ. ನಡುಮನೆಯಲ್ಲಿ ಅವರ ಗಂಡನ ದೇಹವನ್ನು ಮಲಗಿಸಿದ್ದರು, ಬಂದವರ ಕಣ್ಣೆಲ್ಲ ಅತ್ತ. ಎಪ್ಪತ್ತು ವರ್ಷದ ಹೆಂಗಸು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಗೋಡೆ ಹಿಡಿದು ಮೇಲೇರಿ, ಮೊಳೆಯಿಂದ ಚಿತ್ರ ಬಿಡಿಸಲು ಎರಡೂ ಕೈ ಎತ್ತಿದಾಗ ಸ್ಟೂಲು ಕುಂಟಿತು.

“ಅಮ್ಮ! ಏನ್ಮಾಡ್ತಿದ್ದೀಯ? ಇಳಿ ಕೆಳಗೆ!” ಮಗಳು ರಂಜನಿ ಓಡಿಬಂದು ತಾಯಿಯ ಕಾಲು ತಬ್ಬಿ ಹಿಡಿದಳು.

“ಹಾಗೇ ಹಿಡ್ಕೊಂಡಿರು. ಬಂತು, ಬಂತು... ಹಾಂ, ಬಂತು.”

ಚೌಕಟ್ಟು ಕೈಗೆ ಬಂತು. ಗೋಡೆಯ ಮೇಲೆ ಅದರ ಅಳತೆಯ ಬಿಳಿ ಚೌಕ ಉಳಿಯಿತು. ಜಯಲಕ್ಷ್ಮಮ್ಮ ಇಳಿದು, ಚಿತ್ರವನ್ನು ಸೆರಗಿನಿಂದ ಒರೆಸಿ ಎದೆಗಾನಿಸಿಕೊಂಡರು.

“ಇದು ನಿಮ್ಮಪ್ಪನ ಜೊತೆ ಹೋಗಬೇಕು.”

“ಎಲ್ಲಿಗೆ?”

“ಎಲ್ಲಿಗೆ ಅಂದ್ರೆ? ಅವರು ಹೋಗೋ ಕಡೆಗೆ.”

ರಂಜನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅರ್ಥವಾದ ಮೇಲೆ ಬೆಳಗಿನಿಂದ ತಡೆದುಕೊಂಡಿದ್ದ ಅಳು ಸಿಟ್ಟಾಗಿ ಬಂತು. “ತಲೆ ಕೆಟ್ಟಿದೆಯಾ ನಿನಗೆ? ಅಪ್ಪನ ಕೈಯಿಂದ ಉಳಿದಿರೋದು ಇದೊಂದೇ. ಇದನ್ನೂ ಸುಡ್ತೀಯಾ?”

“ನಾನಲ್ಲ ಕಣೇ ಹೇಳಿದ್ದು. ಆಸ್ಪತ್ರೆಯಲ್ಲಿ ಅವರೇ ಕೇಳಿದ್ರು. ನನ್ನ ಕೈ ಹಿಡ್ಕೊಂಡು, ಜಯಾ, ಅದನ್ನ ನನ್ನ ಜೊತೆ ಕಳಿಸು ಅಂದ್ರು. ಆಯ್ತು ಅಂದೆ. ಐವತ್ತೆರಡು ವರ್ಷದಲ್ಲಿ ಆ ಮನುಷ್ಯ ನನ್ನ ಹತ್ರ ಒಂದು ಲೋಟ ನೀರನ್ನೂ ಬಾಯಿಬಿಟ್ಟು ಕೇಳಿದವರಲ್ಲ. ಕೇಳಿದ್ದು ಇದೊಂದು.”

ಬದರಿನಾಥರಾಯರ ತಮ್ಮನ ಮಗ ಮಧ್ವರಾಜ ನಡುವೆ ಬಂದ. ರಾಯರಿಗೆ ಗಂಡುಮಕ್ಕಳಿಲ್ಲ, ಕರ್ಮವೆಲ್ಲ ಅವನದೇ. ಒದ್ದೆ ಪಂಚೆ ಉಟ್ಟು ಬೆಳಗಿನಿಂದ ಗಡಿಯಾರ ನೋಡುತ್ತ ಎಲ್ಲರ ಬೆನ್ನು ಹತ್ತಿದ್ದ.

“ದೊಡ್ಡಮ್ಮ, ಬೆಸೆಂಟ್ ನಗರದ ಸ್ಮಶಾನದಲ್ಲಿ ಎಲೆಕ್ಟ್ರಿಕ್ ಚಿತೆ. ಮೂರು ಗಂಟೆಗೆ ಟೈಮ್ ಕೊಟ್ಟಿದ್ದಾರೆ, ಒಂದೂವರೆಗೆ ಹೊರಡಲೇಬೇಕು. ಗಾಜು, ಮೊಳೆ ಎಲ್ಲ ಒಳಗೆ ಬಿಡೋದೇ ಇಲ್ಲ. ಕಾಗದ ಮಾತ್ರ ಆದ್ರೆ ಆಚಾರ್ಯರನ್ನ ಕೇಳ್ತೀನಿ. ಕೊಡಿ ಇಲ್ಲಿ.”

ಅವನು ಕೇಳಿದ್ದು ಒಂದು, ಮಾಡಿದ್ದು ಇನ್ನೊಂದು. ಹಿಂದಿನ ಹಲಗೆಯನ್ನು ಉಗುರಿನಿಂದ ಎಬ್ಬಿಸಲು ಹೋಗಿ ಗಾಜನ್ನು ಮೂಲೆಯಿಂದ ಮೂಲೆಗೆ ಸೀಳಿದ. ರಂಜನಿ ಚಿತ್ರವನ್ನು ಕಿತ್ತುಕೊಂಡಳು. ಸತ್ತ ಮನೆಯಲ್ಲಿ ಅಳುವವರನ್ನು ಸಮಾಧಾನ ಮಾಡಬಹುದು, ಜಗಳವಾಡುವವರನ್ನು ಏನು ಮಾಡುವುದು?

ಒಂದೂವರೆ ಅಡಿ ಅಗಲದ ಜಲವರ್ಣ ಚಿತ್ರ. ಎರಡು ಅಂತಸ್ತಿನ ಹಳೆಯ ಛತ್ರ. ಮರದ ಕಂಬ, ಮರದ ತೊಲೆ, ಅಡ್ಡ ಉದ್ದ ಮರದ ಕಟ್ಟು, ಅವುಗಳ ನಡುವೆ ಇಟ್ಟಿಗೆ ತುಂಬಿದ ಗೋಡೆ. ಎದುರಿಗೆ ನಾಲ್ಕು ಕಲ್ಲಿನ ಮೆಟ್ಟಿಲು, ತೆರೆದ ಬಾಗಿಲು. ಮೇಲೆ ಮರದ ಕಟಾಂಜನದ ಮೊಗಸಾಲೆ. ಅಲ್ಲಿ ಬೆನ್ನು ತಿರುಗಿಸಿ ನಿಂತ ಒಬ್ಬ ಹೆಂಗಸು ಒದ್ದೆ ಸೀರೆ ಒಣಹಾಕುತ್ತಿದ್ದಾಳೆ. ಹೆಬ್ಬೆರಳಿನ ಉಗುರಿನಷ್ಟು ಹೆಂಗಸು.

“ಅದು ಯಾರು ಗೊತ್ತಾ?” ಜಯಲಕ್ಷ್ಮಮ್ಮ ಮಗಳ ಕಿವಿಯ ಹತ್ತಿರ ಕೇಳಿದರು. “ನಿಮ್ಮಪ್ಪನ ಅಮ್ಮ. ನಿನ್ನ ಅಜ್ಜಿ. ನಲವತ್ತು ವರ್ಷ ಇದರ ಕೆಳಗೆ ಕೂತು ಊಟ ಮಾಡಿದ್ದೀಯ, ಒಂದು ದಿನ ಕೇಳಿದ್ಯಾ?”

ರಂಜನಿ ಚಿತ್ರವನ್ನು ಕಣ್ಣ ಹತ್ತಿರ ಹಿಡಿದಳು. ಅಜ್ಜಿಯ ಫೋಟೋ ಇಲ್ಲವೆಂದು ಅವಳಿಗೆ ಗೊತ್ತಿತ್ತು. ಶ್ರಾದ್ಧದ ದಿನ ಬರಿಯ ಮಣೆ ಇಡುತ್ತಿದ್ದರು.

“ಹಾಗಾದ್ರೆ ಖಂಡಿತ ಕೊಡಲ್ಲ,” ಅಂದಳು.

*

ಸಾವಿರದ ಒಂಬೈನೂರ ನಲವತ್ತೆರಡು, ಏಪ್ರಿಲ್. ಜಪಾನಿನ ಹಡಗು ಬರುತ್ತಿದೆಯೆಂಬ ಸುದ್ದಿಗೆ ಮದರಾಸು ಖಾಲಿಯಾಗುತ್ತಿತ್ತು. ಬಂದರಿನ ಹತ್ತಿರದ ಮರದ ಛತ್ರದಲ್ಲಿ ಬದರಿಯ ಅಪ್ಪ ಪಾರುಪತ್ಯಗಾರರು. ಮೈಸೂರು ಕಡೆಯ ದವಸದ ವ್ಯಾಪಾರಿಗಳು ಯಾವ ಕಾಲದಲ್ಲೋ ಕಟ್ಟಿಸಿದ್ದ ಛತ್ರ. ಬದರಿಯ ಅಮ್ಮ ಅಲ್ಲಿನ ಅಡಿಗೆ ನೋಡಿಕೊಳ್ಳುತ್ತಿದ್ದಳು. ಹಿಂದಿನ ವರ್ಷ ಟೈಫಾಯ್ಡಿನಲ್ಲಿ, ಅದೇ ಛತ್ರದ ಮೇಲಿನ ಕೋಣೆಯಲ್ಲಿ ತೀರಿಕೊಂಡಿದ್ದಳು.

ಒಂದು ವಾರ ಛತ್ರದಲ್ಲಿ ಕಾಲಿಡಲು ಜಾಗವಿರಲಿಲ್ಲ. ರೈಲಿಗೆ ಕಾಯುವವರು, ಟ್ರಂಕು, ಹಾಸಿಗೆ, ಪಂಜರದ ಗಿಳಿ. ಆಮೇಲೆ ಒಬ್ಬರೂ ಇಲ್ಲ. ಬಾಂಬು ಬಿದ್ದರೆ ಮರದ ಕಟ್ಟಡದಿಂದ ಬೀದಿಯೇ ಹತ್ತಿ ಉರಿಯುತ್ತದೆ, ಕೆಡವಿ ಎಂದು ಆರ್ಡರು ಬಂತು.

“ನೀನು ಚಿತ್ರ ಬರೀತೀಯಲ್ಲೋ,” ಅಂದರು ಅಪ್ಪ. “ಇದನ್ನ ಬರೆದುಬಿಡು. ಮೈಸೂರಿನವರಿಗೆ ಕಳಿಸಬೇಕು. ಇದ್ದದ್ದು ಹೀಗಿತ್ತು ಅಂತ ಅವರಿಗಾದರೂ ಗೊತ್ತಾಗಲಿ.”

ಹದಿನೈದು ವರ್ಷದ ಬದರಿ ಎದುರಿನ ಮುಚ್ಚಿದ ಅಂಗಡಿಯ ಜಗಲಿಯಲ್ಲಿ ಕೂತ. ಮೂರು ದಿನ ಬರೆದ. ಕೂಲಿಯವರು ಹಿಂಭಾಗದಿಂದ ಕೆಡವುತ್ತಾ ಬಂದರು, ಇವನು ಮುಂಭಾಗ ಬರೆಯುತ್ತಾ ಹೋದ. ಕಂಬ ಕೀಳುವ ಸದ್ದಾದಾಗ ಬ್ರಷ್ಷನ್ನು ಬಾಯಲ್ಲಿ ಕಚ್ಚಿಕೊಂಡು ಕಾಯುತ್ತಿದ್ದ. ಮೂರನೆಯ ದಿನ ಮಧ್ಯಾಹ್ನ ಮೇಲಿನ ಮೊಗಸಾಲೆ ಕೆಳಗೆ ಬಂತು. ಅದು ಹಾಳೆಯ ಮೇಲೆ ಇನ್ನೂ ಬಂದಿರಲಿಲ್ಲ. ನೆನಪಿನಿಂದಲೇ ಬರೆದ. ನೆನಪಿನಲ್ಲಿ ಮೊಗಸಾಲೆಯ ಜೊತೆ ಅಮ್ಮನೂ ಇದ್ದಳು, ಬೆಳಗಿನ ಸ್ನಾನ ಮುಗಿಸಿ ಸೀರೆ ಕೊಡವುತ್ತ. ಮುಖ ಬರೆಯಲು ಧೈರ್ಯ ಸಾಲಲಿಲ್ಲ. ತಪ್ಪಿದರೆ ತಪ್ಪೇ ಉಳಿಯುತ್ತದಲ್ಲ. ಬೆನ್ನು ಬರೆದ.

ಮೈಸೂರಿನವರು ಚಿತ್ರವನ್ನು ವಾಪಸು ಕಳಿಸಿದರು. ಕಟ್ಟಡವೇ ಹೋದ ಮೇಲೆ ಚಿತ್ರ ಯಾಕೆ ಎಂದು ಒಂದು ಸಾಲು ಬರೆದಿದ್ದರು. ಆವತ್ತಿನಿಂದ ಅದು ಬದರಿಯ ಟ್ರಂಕಿನಲ್ಲಿ, ಮದುವೆಯಾದ ಮೇಲೆ ಗೋಡೆಯ ಮೇಲೆ.

*

ಹನ್ನೊಂದೂವರೆಗೆ ಸಿನಿಮಾ ಸ್ಟುಡಿಯೋದವರು ಬಂದರು. ಮದರಾಸಿನ ವಡಪಳನಿಯ ಆ ಮನೆಯಿಂದ ಸ್ಟುಡಿಯೋ ಎರಡು ಬೀದಿ ಆಚೆ. ಬದರಿನಾಥರಾಯರು ಅಲ್ಲಿ ನಲವತ್ತು ವರ್ಷ ಸೆಟ್ಟಿಗೆ ಬಣ್ಣ ಹೊಡೆದವರು. ಪ್ಲೈವುಡ್ಡನ್ನು ತೇಗ ಮಾಡುವವರು, ಬಟ್ಟೆಯನ್ನು ಬೆಟ್ಟ ಮಾಡುವವರು. ಪರದೆಯ ಮೇಲೆ ಅವರ ಹೆಸರು ಒಂದು ಸಲವೂ ಬಂದದ್ದಿಲ್ಲ. ಬಂದವರಲ್ಲಿ ಮುಂದಿದ್ದವನು ಬಾಬು, ಅವರ ಶಿಷ್ಯ. ಅವನಿಗೂ ಈಗ ಅರವತ್ತು. ಮನೆಮಾತು ತಮಿಳು, ಕನ್ನಡ ಗುರುವಿನ ಮನೆಯಲ್ಲೇ ಕಲಿತದ್ದು. ರಂಜನಿ ಅವನಿಗೆ ಇಂದಿಗೂ ‘ಪಾಪಾ’, ಪುಟ್ಟ ಮಗು.

ಮಾಸ್ಟರ್ ಕಾಲಿಗೆ ಹಣೆ ಹಚ್ಚಿ ಎದ್ದವನು ಗೋಡೆಯ ಬಿಳಿ ಚೌಕ ನೋಡಿ, “ಅಯ್ಯಯ್ಯೋ, ಛತ್ರ ಎಲ್ಲಿ?” ಅಂದ.

“ಛತ್ರ ನಿನಗೂ ಗೊತ್ತಾ?” ರಂಜನಿ ಕೇಳಿದಳು. ಚಿತ್ರ ಅವಳ ಮಡಿಲಲ್ಲೇ ಇತ್ತು.

“ಗೊತ್ತಾನಾ? ಎಷ್ಟು ಸಲ ಕಟ್ಟಿದೀವಿ ಪಾಪಾ! ಡೈರೆಕ್ಟರು ಹಳೇ ಛತ್ರ ಬೇಕು ಅಂದ್ರೆ ಮಾಸ್ಟರ್ ಕಟ್ಟಿಸೋದು ಇದೇ. ಹಳೇ ಹೋಟ್ಲು ಅಂದ್ರೂ ಇದೇ. ತಮಿಳು, ತೆಲುಗು, ಕನ್ನಡ, ಹದಿನೇಳು ಸಲ. ಎಲ್ಲಾ ಊರಿನವರೂ ಈ ಛತ್ರ ನೋಡಿದಾರೆ, ಆದ್ರೆ ಯಾರಿಗೂ ತೆರಿಯಾದು, ಗೊತ್ತೇ ಇಲ್ಲ. ಇನ್ನೊಂದು ತಮಾಷೆ. ಸೆಟ್ ರೆಡಿ ಆದ್ಮೇಲೆ ಮಾಸ್ಟರ್ ಒಂದು ಒದ್ದೆ ಸೀರೆ ತಂದು ಮೇಲೆ ನೇತು ಹಾಕ್ತಾರೆ. ಸೀನಿಗೆ ಬೇಡ, ತೆಗಿ ಅಂತ ಡೈರೆಕ್ಟರು ಕೂಗ್ತಾನೆ. ಇವರು ತಲೆ ಆಡಿಸ್ತಾರೆ, ತೆಗಿಯಲ್ಲ. ಯಾಕೆ ಮಾಸ್ಟರ್ ಅಂತ ಕೇಳಿದ್ರೆ, ಮನೆ ಅಂದ್ರೆ ಯಾರೋ ಒಬ್ಬರು ಒಗೆದಿರಬೇಕಲ್ಲೋ ಅಂತಾರೆ.”

ರಂಜನಿ ಅಲ್ಲಿಯವರೆಗೆ ಅತ್ತಿರಲಿಲ್ಲ. ಈಗ ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು.

*

ಆಗ ರಂಜನಿಗೆ ಒಂಬತ್ತು ವರ್ಷ. ಅಪ್ಪ ಅವಳನ್ನು ಸ್ಟುಡಿಯೋಗೆ ಕರೆದುಕೊಂಡು ಹೋಗಿದ್ದರು. ಆ ದೊಡ್ಡ ಶೆಡ್ಡಿನೊಳಗೆ ಇಡೀ ಛತ್ರ ನಿಂತಿತ್ತು. ಮರಕ್ಕೆ ಹಚ್ಚುವ ವಜ್ರದ ಅಂಟಿನ ವಾಸನೆ. ಕಂಬ ಮುಟ್ಟಿದರೆ ಟೊಳ್ಳು, ನೋಡಿದರೆ ನೂರು ವರ್ಷದ ಮರ. “ಅಪ್ಪ, ಇದೆಲ್ಲ ನೀನೇ ಬರೆದದ್ದಾ?” ಅಂತ ಕೇಳಿದ್ದಳು. ಅವರು ನಾಚಿಕೊಂಡು ಬ್ರಷ್ಷು ತೊಳೆದಿದ್ದರು.

ಶಾಲೆಯಲ್ಲಿ ಅದನ್ನೇ ಹೇಳಿದ್ದೇ ಹೇಳಿದ್ದು. ಮುಂದಿನ ಭಾನುವಾರ ಮೂವರು ಗೆಳತಿಯರನ್ನು ಕಟ್ಟಿಕೊಂಡು ಹೋದಳು. ಛತ್ರವಿರಲಿಲ್ಲ. ಬಡಗಿಗಳು ಕುಕ್ಕರಗಾಲಿನಲ್ಲಿ ಕೂತು ಹಲಗೆಗಳಿಂದ ಮೊಳೆ ಕೀಳುತ್ತಿದ್ದರು. ಒಬ್ಬಳು ಗೆಳತಿ, “ನಿಮ್ಮಪ್ಪ ಪೇಂಟರ್ ಅಂದ್ರೆ ಸುಣ್ಣ ಹೊಡಿಯೋರಾ?” ಅಂದಳು. ರಂಜನಿ ಆ ಹುಡುಗಿಯ ಜೊತೆ ಆಮೇಲೆ ಮಾತಾಡಲಿಲ್ಲ.

“ಶೂಟಿಂಗ್ ಮುಗೀತಲ್ಲ ಮಗು, ಒಡೀತಾರೆ,” ಅಂದಿದ್ದರು ಅಪ್ಪ. “ಅಳಬಾರದು. ಮತ್ತೆ ಕಟ್ತೀನಿ.”

ಮತ್ತೆ ಕಟ್ಟಿದರು, ಮತ್ತೆ ಒಡೆದರು. ಆದರೆ ಅವಳು ನೋಡಲು ಹೋಗಲಿಲ್ಲ. ಕರೆದಾಗಲೆಲ್ಲ ಪರೀಕ್ಷೆ ಇದೆ ಎಂದಳು. ಆಮೇಲೆ ಅವರು ಕರೆಯುವುದನ್ನು ಬಿಟ್ಟರು.

*

ಬಾಬುಗೆ ವಿಷಯ ಗೊತ್ತಾದದ್ದು ಮಧ್ವರಾಜನಿಂದ. ಅಮ್ಮ ಸುಡಬೇಕು ಅಂತಾರೆ, ಮಗಳು ಬಿಡಲ್ಲ ಅಂತಾಳೆ, ನಡುವೆ ಟೈಮ್ ಓಡುತ್ತಿದೆ ಎಂದು ಅವನು ಎಲ್ಲರಿಗೂ ಕೇಳುವಂತೆ ಗೊಣಗಿದ್ದ. ಬಾಬು ತಲೆ ಕೆರೆದುಕೊಂಡು ಜಯಲಕ್ಷ್ಮಮ್ಮನ ಮುಂದೆ ಕೂತ.

“ಅಮ್ಮಾ, ಕೋಪ ಮಾಡ್ಕೋಬೇಡಿ. ನಮ್ಮ ಸಿನಿಮಾದಲ್ಲಿ ಮನೆ ಸುಡೋ ಸೀನ್ ಬಂದ್ರೆ ನಿಜವಾದ ಸೆಟ್ ಸುಡಲ್ಲ. ಡೂಪ್ ಕಟ್ತೀವಿ. ಅದನ್ನ ಸುಡ್ತೀವಿ. ಇದಕ್ಕೂ ಒಂದು ಡೂಪ್ ಬರೀತೀನಿ. ಒಂದೂವರೆ ಗಂಟೆ ಸಾಕು. ಮಾಸ್ಟರ್‌ಗೆ ಛತ್ರ, ಪಾಪಾಗೆ ಛತ್ರ.”

“ಮಾಡು ಬಾಬು!” ರಂಜನಿ ಮೊದಲೇ ಹೇಳಿಬಿಟ್ಟಳು. “ಡೂಪ್ ಹೋಗಲಿ ಅಪ್ಪನ ಜೊತೆ. ಅಮ್ಮ, ನಿನ್ನ ಮಾತೂ ಉಳಿಯುತ್ತೆ.”

ಜಯಲಕ್ಷ್ಮಮ್ಮ ಗಂಡನ ಮುಖ ನೋಡಿದರು. ಮೂಗಿಗೆ ಹತ್ತಿ ಇಟ್ಟಿದ್ದರು, ಹಣೆಯಲ್ಲಿ ಗೋಪೀಚಂದನ. ಯಾವ ಜಗಳದಲ್ಲೂ ಮಾತಾಡದ ಮುಖ ಅದು, ಈಗಂತೂ ಕೇಳುವ ಹಾಗೇ ಇರಲಿಲ್ಲ.

“ಬರಿಯಪ್ಪ,” ಅಂದರು.

ಮಾಸ್ಟರ್ ಪೆಟ್ಟಿಗೆಯಲ್ಲೇ ದಪ್ಪ ಕಾಗದ ಸಿಕ್ಕಿತು, ಬಣ್ಣ ಸಿಕ್ಕಿತು, ಅವರ ಬ್ರಷ್ಷೇ ಸಿಕ್ಕಿತು. ಬಾಬು ವರಾಂಡದಲ್ಲಿ ಕಾಲು ಮಡಚಿ ಕೂತ. ಆದರೆ ಕಾಗದ ಹಾಲಿನ ಹಾಗೆ ಬೆಳ್ಳಗಿತ್ತು, ಚಿತ್ರದ ಕಾಗದ ಅರವತ್ತು ವರ್ಷ ಹಳತು. ಸೆಟ್ಟಿನವರಿಗೆ ಹೊಸದನ್ನು ಹಳೆಯದು ಮಾಡುವುದು ಗೊತ್ತು. “ಡಿಕಾಕ್ಷನ್ ಬೇಕು. ಹಾಲು ಹಾಕದ್ದು,” ಅಂದ.

ಆ ಮನೆಯಲ್ಲಿ ಒಲೆ ಹಚ್ಚುವ ಹಾಗಿರಲಿಲ್ಲ. ಮೇಲಿನ ಮನೆ ಮಾಮಿಗೆ ಹೇಳಿ ಕಳಿಸಿದರು. ಮಾಮಿ ಒಂದು ದೊಡ್ಡ ಲೋಟದ ತುಂಬ ತಂದುಕೊಟ್ಟರು. ಬಾಬು ಬಟ್ಟೆಯ ಉಂಡೆ ಅದ್ದಿ ಕಾಗದಕ್ಕೆಲ್ಲ ಒರೆಸಿ ಮುಗಿಸಿದ ಮೇಲೆ, “ಅಯ್ಯೋ, ಕುಡಿಯಲಿಕ್ಕೆ ಅಲ್ಲವಾ?” ಎಂದು ಮಾಮಿ ತಮ್ಮ ತಮಿಳಿನಲ್ಲಿ ಹೇಳಿ ಕೆನ್ನೆಗೆ ಕೈ ಹಚ್ಚಿಕೊಂಡರು. ಪಾಪ, ಬೆಳಗಿನಿಂದ ಯಾರೂ ಏನೂ ತಿಂದಿಲ್ಲ, ಮೈಗೆ ತ್ರಾಣ ಬರಲಿ ಎಂದು ನಾಲ್ಕು ಚಮಚ ಸಕ್ಕರೆ ಸುರಿದಿದ್ದರು.

“ಪರವಾಯಿಲ್ಲ ಮಾಮಿ. ಬಣ್ಣ ಬಂತು, ಅಷ್ಟು ಸಾಕು,” ಅಂದ ಬಾಬು.

ಸಕ್ಕರೆಯ ಕಾಗದ ಒಣಗಲು ಸತಾಯಿಸಿತು. ಸ್ಟುಡಿಯೋದವರು ಸರದಿಯಲ್ಲಿ ವೃತ್ತಪತ್ರಿಕೆ ಬೀಸಿದರು. ನಡುವೆ ಬೀದಿಗೆ ನೀರಿನ ಲಾರಿ ಬಂತು. ಆ ವರ್ಷ ಮದರಾಸಿನಲ್ಲಿ ನೀರು ಬಂದದ್ದೇ ಲಾರಿಯಲ್ಲಿ. ನೆಂಟರು ಇಷ್ಟರು ಎಲ್ಲ ದುಃಖ ಬದಿಗಿಟ್ಟು ಬಿಂದಿಗೆ ಹಿಡಿದು ಓಡಿದರು. ಸ್ಮಶಾನದಿಂದ ಬಂದವರಿಗೆ ಸ್ನಾನಕ್ಕೆ ಬೇಕಲ್ಲ. ಬಾಬು ಮಾತ್ರ ತಲೆ ಎತ್ತಲಿಲ್ಲ. ಕಂಬ, ತೊಲೆ, ಮೆಟ್ಟಿಲು ಒಂದೊಂದಾಗಿ ಎದ್ದವು. ಫ್ಲೆಕ್ಸ್ ಬೋರ್ಡು ಬಂದಮೇಲೆ ಅವನ ಕೈಗೆ ಬ್ರಷ್ಷಿನ ಕೆಲಸವೇ ಸಿಕ್ಕಿರಲಿಲ್ಲ. ಈಗ ಕೈ ತಾನೇ ಓಡಿತು. ಮೊಗಸಾಲೆಯ ಹೆಂಗಸಿಗೆ ಬಂದಾಗ ಮಾತ್ರ ಉಸಿರು ಬಿಗಿಹಿಡಿದ.

ಒಂದೂ ಕಾಲಿಗೆ ಎರಡನ್ನೂ ಪಕ್ಕಪಕ್ಕ ಇಟ್ಟ. “ಸತ್ಯವಾಗಿ ಹೇಳ್ತೀನಿ, ಸ್ವಲ್ಪ ಹೊತ್ತಾದ್ರೆ ನನಗೇ ಗುರುತು ಸಿಗಲ್ಲ,” ಅಂದ. ಹೆಮ್ಮೆಪಡುವ ದಿನವಲ್ಲವೆಂದು ನೆನಪಾಗಿ ಕಣ್ಣು ಒರೆಸಿಕೊಂಡ.

“ಎರಡೂ ಇಲ್ಲಿ ಕೊಡು,” ಅಂದರು ಜಯಲಕ್ಷ್ಮಮ್ಮ. “ಅವರ ಬಟ್ಟೆಯೊಳಗೆ ನಾನೇ ಇಡ್ತೀನಿ. ಇನ್ನೊಂದನ್ನ ಚೌಕಟ್ಟಿಗೆ ಹಾಕ್ತೀನಿ.”

ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಹೊರಗೆ ಮಧ್ವರಾಜ ಎರಡು ಸಲ ಕೆಮ್ಮಿದ. ಅವರು ಹೊರಗೆ ಬಂದಾಗ ಕೈಯಲ್ಲಿ ಒಂದು ಸುರುಳಿ, ಅದಕ್ಕೆ ಸುತ್ತಿದ ತುಳಸಿ. ಗಂಡನ ಎದೆಯ ಮೇಲಿನ ಬಿಳಿ ಬಟ್ಟೆ ಸರಿಸಿ, ಒಳಗಿಟ್ಟು, ಮತ್ತೆ ಹೊದಿಸಿ, ಮಗುವಿಗೆ ತಟ್ಟಿದಂತೆ ಎರಡು ಸಲ ತಟ್ಟಿದರು. ಆಚಾರ್ಯರು ಕಾಗದವಲ್ಲವೇ, ಇರಲಿ ಬಿಡಿ ಎಂದು ಮಂತ್ರ ಮುಂದುವರಿಸಿದರು.

ರಂಜನಿ ಬಾಗಿಲಲ್ಲಿ ನಿಂತು ಕೋಣೆಯೊಳಗೆ ಇಣುಕಿದಳು. ಮಂಚದ ಮೇಲೆ ಗಾಜಿಲ್ಲದ ಚೌಕಟ್ಟಿನಲ್ಲಿ ಛತ್ರ ಭದ್ರವಾಗಿತ್ತು. ಅವಳಿಗೆ ಎದೆ ಹಗುರಾಯಿತು. ಅಪ್ಪನನ್ನು ಎತ್ತುವಾಗ ಅವಳೂ ಹೆಗಲು ಕೊಡಲು ಹೋದಳು. ಹೆಣ್ಣುಮಕ್ಕಳು ಬರುವ ಹಾಗಿಲ್ಲ ಎಂದು ಮಧ್ವರಾಜ ಬಾಯಿ ತೆರೆದವನು ಅವಳ ಮುಖ ನೋಡಿ ಮುಚ್ಚಿಕೊಂಡ.

*

ಬೆಸೆಂಟ್ ನಗರದಿಂದ ಬಂದು, ಎರಡೇ ಚೊಂಬಿನಲ್ಲಿ ಸ್ನಾನ ಮುಗಿಸಿದಾಗ ಸಂಜೆಯಾಗಿತ್ತು. ಬಂದವರು ಹೋಗಿದ್ದರು. ದೇಹ ಮಲಗಿಸಿದ್ದ ಜಾಗದಲ್ಲಿ ಹಣತೆ ಉರಿಯುತ್ತಿತ್ತು. ಜಯಲಕ್ಷ್ಮಮ್ಮ ಗೋಡೆಯ ಪಕ್ಕ ಚಾಪೆಯ ಮೇಲೆ ಮಲಗಿದ್ದರು. ಚಿತ್ರ ಮತ್ತೆ ತನ್ನ ಮೊಳೆಗೆ ಏರಿತ್ತು. ಮತ್ತೆ ಸ್ಟೂಲು ಹತ್ತಿದ್ದಾಳೆ, ಈ ಹೆಂಗಸಿಗೆ ಬುದ್ಧಿ ಹೇಳುವವರು ಯಾರು ಎಂದುಕೊಂಡಳು ರಂಜನಿ.

ಎದುರಿನ ಗೋಡೆಗೆ ಒರಗಿ ಕೂತಳು. ಇನ್ನು ಮೇಲೆ ಯಾರಾದರೂ ಕೇಳಿದರೆ ತೋರಿಸಬಹುದು. ನಮ್ಮಪ್ಪ ಬರೆದದ್ದು, ಇವರು ನಮ್ಮಜ್ಜಿ ಎನ್ನಬಹುದು. ನಾಳೆಯೇ ಹೊಸ ಗಾಜು ಹಾಕಿಸಬೇಕು.

ಕಿಟಕಿಯಿಂದ ಚೌಕಟ್ಟಿನವರೆಗೆ ಗೋಡೆಯ ಮೇಲೆ ಒಂದು ಸಣ್ಣ ಕಪ್ಪು ಗೆರೆ ಕಂಡಿತು. ಬಿರುಕು ಎಂದುಕೊಂಡಳು. ಗೆರೆ ಅಲುಗಾಡಿತು. ಎದ್ದು ಹತ್ತಿರ ಹೋದಳು. ಇರುವೆ. ಸಾಲುಸಾಲು ಇರುವೆ, ಚೌಕಟ್ಟು ಹತ್ತಿ, ಅಂಚು ದಾಟಿ, ಚಿತ್ರದ ಬೀದಿಯಲ್ಲೆಲ್ಲ ಓಡಾಡುತ್ತಿತ್ತು.

“ಥೂ!” ಎಂದು ಹೆಗಲ ಮೇಲಿನ ಒದ್ದೆ ಟವೆಲ್ ಎಳೆದಳು. ಒರೆಸಲು ಎತ್ತಿದ ಕೈ ಅಲ್ಲೇ ನಿಂತಿತು. ಅವಳು ಹುಟ್ಟಿದಂದಿನಿಂದ ಆ ಚಿತ್ರಕ್ಕೆ ಒಂದು ಇರುವೆ ಬಂದದ್ದಿಲ್ಲ. ಸಕ್ಕರೆ ಕುಡಿದ ಕಾಗದ ಯಾವುದೆಂದು ಅವಳಿಗೆ ಗೊತ್ತಿತ್ತು.

ತಿರುಗಿದಳು. ತಾಯಿ ಕಣ್ಣು ಬಿಟ್ಟುಕೊಂಡೇ ಮಲಗಿದ್ದರು.

“ಅಮ್ಮ, ಇರುವೆ ಬಂದಿದೆ.”

ಜಯಲಕ್ಷ್ಮಮ್ಮ ನಿಧಾನವಾಗಿ ಎದ್ದು ಕೂತರು. “ಮಾಮಿ ಸಕ್ಕರೆ ಜಾಸ್ತಿ ಹಾಕಿದ್ರು,” ಅಂದರು.

“ನನಗೆ ಮೋಸ ಮಾಡಿದೆ ನೀನು.” ರಂಜನಿ ಟವೆಲ್ ಹಿಡಿದ ಕೈಯಿಂದ ಚಿತ್ರ ತೋರಿಸಿದಳು. “ನನ್ನ ಎದುರಿಗೇ ಅಪ್ಪ ಬರೆದದ್ದನ್ನ ಸುಡೋಕೆ ಇಟ್ಟೆಯಲ್ಲ ಅಮ್ಮ. ಅಪ್ಪಂಗೆ ಹೇಳಿದ ಮಾತು ಮಾತು, ನನಗೆ ಹೇಳಿದ್ದು?”

“ಅವರಿಗೆ ಸುಳ್ಳು ಹೇಳಿದ್ರೆ ಇನ್ಯಾವಾಗ ಹೋಗಿ ತಪ್ಪಾಯ್ತು ಅನ್ನಲೇ? ನೀನಾದ್ರೆ ಬದುಕಿದ್ದೀಯ. ನಿನ್ನ ಹತ್ರ ಬೈಸ್ಕೋಬಹುದು.” ಅವರು ಚಾಪೆಯ ಮೇಲೆ ಸ್ವಲ್ಪ ಸರಿದು ಜಾಗ ಮಾಡಿದರು. “ಬಾ, ಬೈಯಿ.”

ಟವೆಲ್ ರಂಜನಿಯ ಕೈಯಲ್ಲಿ ಹಾಗೇ ಇತ್ತು. ತಾಯಿಯ ಪಕ್ಕ ಕುಸಿದು ಕೂತು ಗೋಡೆಯ ಕಡೆ ನೋಡಿದಳು. ಇರುವೆಗಳು ನಾಲ್ಕು ಮೆಟ್ಟಿಲು ಹತ್ತಿ, ಕಂಬ ಬಳಸಿ, ಎದುರು ಬಂದವರನ್ನು ಒಂದು ಗಳಿಗೆ ನಿಂತು ಮಾತಾಡಿಸಿ, ಒಂದರ ಹಿಂದೆ ಒಂದು ಛತ್ರದ ತೆರೆದ ಬಾಗಿಲಿನ ಕಡೆ ನಡೆಯುತ್ತಿದ್ದವು.